ಏಳು ದೇಶದ ಪಟ್ಟಿ, ಮೂರು ಊರಿನ ವಾಸ: ಒಂದು ಯುರೋಪ್ ರಜೆಯ ಪ್ರಕರಣ ಅಧ್ಯಯನ

2025ರ ಏಪ್ರಿಲ್ 26ರಂದು ಪ್ಯಾರಿಸ್‌ನಲ್ಲಿ ಇಳಿದು ಮೇ 9ರಂದು ರೋಮ್‌ನಿಂದ ವಿಮಾನ ಹತ್ತಿದ ಐದು ಜನರ ಕುಟುಂಬವೊಂದು ತನ್ನ ಹದಿಮೂರು ರಾತ್ರಿಗಳನ್ನು ಹೇಗೆ ಹಂಚಿಕೊಂಡಿತು, ಆ ಹಂಚಿಕೆ ಎಲ್ಲಿ ಫಲ ಕೊಟ್ಟಿತು ಮತ್ತು ಎಲ್ಲಿ ಎಡವಿತು ಎಂಬುದರ ದಾಖಲೆ ಇದು. ಕುಟುಂಬ ನನ್ನದೇ ಆದ್ದರಿಂದ ಒಳಗಿನ ಮಾತು ಒಂದಿಷ್ಟು ಬರುತ್ತದೆ. ಅದನ್ನು ಬಿಟ್ಟರೆ ಪ್ರಕರಣವೇ ಅರ್ಥವಾಗುವುದಿಲ್ಲ.

ಹೊರಟವರ ವಿವರ ಹೀಗಿದೆ. ಅಪ್ಪಯ್ಯನಿಗೆ 72 ವರ್ಷ. ಶಿರಸಿ ಸೀಮೆಯ ಅಡಿಕೆ ತೋಟದಲ್ಲೇ ಬದುಕು ಕಳೆದವರು, ರಕ್ತದೊತ್ತಡದ ಮಾತ್ರೆ ನುಂಗುವವರು. ಆಯಿಗೆ, ಅಂದರೆ ನನ್ನ ಅಮ್ಮನಿಗೆ, 67, ಎಡ ಮೊಣಕಾಲು ಸವೆದಿದೆ, ಇಳಿಯುವ ಮೆಟ್ಟಿಲೆಂದರೆ ಹೆದರುತ್ತಾಳೆ. ಪತ್ನಿ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಾಳೆ. ಮಗಳಿಗೆ 11. ನಾನು ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು, ಹಾಗಾಗಿ ಈ ಪ್ರವಾಸದ ಮೊದಲ ಜಗಳ ಲೆಕ್ಕದಿಂದಲೇ ಹುಟ್ಟಿತು.

ಗಂಟೆಗಳ ಲೆಕ್ಕ

ಹಿಂದಿನ ದೀಪಾವಳಿಯ ಹೊತ್ತಿಗೆ ಪ್ರವಾಸ ಸಂಸ್ಥೆಯೊಂದರ ಬಣ್ಣದ ಕರಪತ್ರ ಮನೆಗೆ ಬಂದಿತ್ತು: 11 ದಿನ, 7 ದೇಶ. ನೆದರ್ಲೆಂಡ್ಸ್, ಬೆಲ್ಜಿಯಂ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್, ಆಸ್ಟ್ರಿಯ, ಇಟಲಿ. ವಾಟಿಕನ್ ಸೇರಿಸಿದರೆ ಎಂಟು. ಎರಡು ಹೊತ್ತು ಭಾರತೀಯ ಸಸ್ಯಾಹಾರ, ಜೊತೆಗೊಬ್ಬ ಮ್ಯಾನೇಜರ್, ವೀಸಾದ ಓಡಾಟವೂ ಅವರದ್ದೇ. ಇಂಥ ಪ್ಯಾಕೇಜನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭಾಷೆ ಬಾರದ ಊರಿನಲ್ಲಿ ಹೊತ್ತಿಗೆ ಸರಿಯಾಗಿ ಅನ್ನ ಸಾರು ಸಿಗುತ್ತದೆಂಬ ಭರವಸೆ ವಯಸ್ಸಾದವರಿಗೆ ಸಣ್ಣ ಸಂಗತಿಯಲ್ಲ, ಮತ್ತು ನಮ್ಮ ನೆಂಟರಲ್ಲಿ ಅನೇಕರು ಹಾಗೆಯೇ ಹೋಗಿ ಸಂತೋಷದಿಂದ ಬಂದಿದ್ದಾರೆ.

ಆದರೂ ಅಭ್ಯಾಸಬಲದಿಂದ ಒಂದು ಹಾಳೆಯ ಮೇಲೆ ದೂರಗಳನ್ನು ಬರೆದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಬ್ರಸೆಲ್ಸ್‌ಗೆ ಸುಮಾರು 210 ಕಿ.ಮೀ., ಬ್ರಸೆಲ್ಸ್‌ನಿಂದ ಪ್ಯಾರಿಸ್‌ಗೆ 310, ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿನ ನಡುಭಾಗಕ್ಕೆ 600, ಅಲ್ಲಿಂದ ಲಿಕ್ಟೆನ್‌ಸ್ಟೈನಿನ ವಡೂಜ್ ಹಾದು ಆಸ್ಟ್ರಿಯದ ಇನ್ಸ್‌ಬ್ರುಕ್‌ಗೆ 300, ಇನ್ಸ್‌ಬ್ರುಕ್‌ನಿಂದ ವೆನಿಸ್‌ಗೆ 390, ವೆನಿಸ್‌ನಿಂದ ಫ್ಲಾರೆನ್ಸ್‌ಗೆ 260, ಫ್ಲಾರೆನ್ಸ್‌ನಿಂದ ರೋಮ್‌ಗೆ 280. ನಡುವೆ ಪೀಸಾದ ವಾಲುಗೋಪುರಕ್ಕೆ ಹೋಗಿಬರುವುದನ್ನೂ ಕೂಡಿಸಿದರೆ 2,500 ಕಿ.ಮೀ. ಮುಟ್ಟುತ್ತದೆ. ನಿಲುಗಡೆಗಳೂ ಸೇರಿ ಗಂಟೆಗೆ 65 ಕಿ.ಮೀ. ಎಂದು ಹಿಡಿದರೆ ಬಸ್ಸಿನಲ್ಲಿ 38 ಗಂಟೆ. ಬಂದ ದಿನ, ಹೊರಡುವ ದಿನ ಬಿಟ್ಟರೆ ಉಳಿಯುವ ಒಂಬತ್ತು ದಿನಗಳಲ್ಲಿ ದಿನಕ್ಕೆ ಹದಿಮೂರು ಗಂಟೆಯಂತೆ ಒಟ್ಟು 117 ಗಂಟೆಗಳ ಎಚ್ಚರದ ಹೊತ್ತು ಕೈಯಲ್ಲಿರುತ್ತದೆ. ಅದರಲ್ಲಿ ಬಸ್ಸಿನ 38, ಪೆಟ್ಟಿಗೆ ಏರಿಸಿ ಇಳಿಸಿ ತಲೆ ಎಣಿಸುವುದಕ್ಕೆ ದಿನಕ್ಕೆ ಒಂದೂವರೆಯಂತೆ 13, ನಲವತ್ತು ಜನ ಒಟ್ಟಿಗೆ ಹೋಟೆಲಿಗೆ ಹೋಗಿ ಉಂಡು ಬರುವುದಕ್ಕೆ ದಿನಕ್ಕೆ ಮೂರರಂತೆ 27 ಕಳೆದರೆ, ನೋಡುವುದಕ್ಕೆ ಉಳಿಯುವುದು 39 ಗಂಟೆ. ಬಸ್ಸಿನ ಕಿಟಕಿಗೆ ಕೊಡುವಷ್ಟೇ ಹೊತ್ತನ್ನು ಯುರೋಪಿಗೂ ಕೊಟ್ಟಂತಾಯಿತು.

ಇದರಲ್ಲಿ ಸಂಸ್ಥೆಯ ತಪ್ಪು ಕಡಿಮೆ, ರಸ್ತೆಯ ನಿಯಮದ ಪಾಲು ಹೆಚ್ಚು. ಯುರೋಪಿಯನ್ ಒಕ್ಕೂಟದಲ್ಲಿ ಬಸ್ ಚಾಲಕ ಸಾಮಾನ್ಯವಾಗಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು. ರಾತ್ರಿಯ ಬಿಡುವು ಮಾಮೂಲಿಗೆ 11 ಗಂಟೆ. ಇದನ್ನೆಲ್ಲ ಬಸ್ಸಿನಲ್ಲಿರುವ ಯಂತ್ರವೇ ದಾಖಲಿಸುತ್ತದೆ. ಗುಂಪು ಪ್ರವಾಸದಲ್ಲಿ ಹತ್ತು ನಿಮಿಷ ತಡವಾದವರ ಮೇಲೆ ಮ್ಯಾನೇಜರ್ ಸಿಡುಕುವುದು, ‘ಫೋಟೋ ಸ್ಟಾಪ್’ ಎಂದು ಬರೆದ ಕಡೆ ನಿಜವಾಗಿಯೂ ಫೋಟೋ ತೆಗೆಯುವಷ್ಟೇ ಹೊತ್ತು ಸಿಗುವುದು ಈ ಕಾರಣಕ್ಕೆ. ಕರಪತ್ರದಲ್ಲಿ ‘ಪನೋರಮಿಕ್ ಟೂರ್’ ಎಂದಿದ್ದರೆ ಬಸ್ಸಿನಿಂದ ಇಳಿಸುವುದಿಲ್ಲ ಎಂದು ಓದಿಕೊಳ್ಳಬೇಕು.

ಹಾಳೆಯನ್ನು ಅಪ್ಪಯ್ಯನ ಮುಂದಿಟ್ಟೆ. ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದಿ, “ತೋಟ ನೋಡಲೆ ಬಂದವ ಬೇಲಿ ನೋಡ್ಕಂಡು ಹೋದಾಂಗಾತು” ಎಂದರು. ಆಯಿಯ ಬೇಡಿಕೆ ಇನ್ನೂ ಚಿಕ್ಕದಿತ್ತು: ದಿನಾ ಪೆಟ್ಟಿಗೆ ಕಟ್ಟುವ ಕೆಲಸ ಬೇಡ. ಇಡೀ ಯೋಜನೆ ಆ ಒಂದು ಬೇಡಿಕೆಯ ಮೇಲೆ ನಿಂತಿತು. ಪ್ಯಾರಿಸ್‌ನಲ್ಲಿ ಐದು ರಾತ್ರಿ, ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯಲ್ಲಿ ನಾಲ್ಕು, ರೋಮ್‌ನಲ್ಲಿ ನಾಲ್ಕು. ನಡುವೆ ಎರಡೇ ಎರಡು ಪ್ರಯಾಣ, ಎರಡೂ ರೈಲಿನಲ್ಲಿ. ಆಮ್‌ಸ್ಟರ್‌ಡ್ಯಾಮ್ ಬಿಟ್ಟದ್ದಕ್ಕೆ ಮಗಳು ಎರಡು ದಿನ ಮಾತು ಬಿಟ್ಟಳು. ವೆನಿಸ್ ಬಿಟ್ಟದ್ದು ಪತ್ನಿಗೆ ಇವತ್ತಿಗೂ ಸರಿಕಂಡಿಲ್ಲ.

ಬಾಗಿಲು ಮುಚ್ಚಿದ ದಿನಗಳು

ಯೋಜನೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಭಾಗ, ನೋಡುವ ದಿನಗಳನ್ನಲ್ಲದೆ ನೋಡಲಾಗದ ದಿನಗಳನ್ನು ಮೊದಲು ಗುರುತಿಸಿದ್ದು. ಲೂವ್ರ್ ಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಓರ್ಸೇ ಸಂಗ್ರಹಾಲಯಕ್ಕೆ ಸೋಮವಾರ. ಫ್ಲಾರೆನ್ಸ್‌ನ ಉಫೀಜಿ, ಅಕಾದೆಮಿಯಾ, ರೋಮ್‌ನ ಬೋರ್ಗೇಸೆ ಗ್ಯಾಲರಿ ಇವೆಲ್ಲ ಸೋಮವಾರ ಮುಚ್ಚಿರುತ್ತವೆ. ವಾಟಿಕನ್ ಸಂಗ್ರಹಾಲಯಕ್ಕೆ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ಹೊರತು. ಮೇ 1 ಕಾರ್ಮಿಕರ ದಿನವಾದ್ದರಿಂದ ಪ್ಯಾರಿಸ್‌ನ ದೊಡ್ಡ ಸಂಗ್ರಹಾಲಯಗಳು ಮುಚ್ಚಿರುತ್ತವೆ. ರೈಲುಗಳಿಗೆ ಈ ರಜೆಗಳಿಲ್ಲ. ಆದ್ದರಿಂದ ಪ್ಯಾರಿಸ್ ಬಿಡುವ ದಿನವನ್ನು ಮೇ 1ಕ್ಕೂ, ಸ್ವಿಟ್ಜರ್ಲೆಂಡ್ ಬಿಟ್ಟು ಇಟಲಿ ಸೇರುವ ದಿನವನ್ನು ಸೋಮವಾರ ಮೇ 5ಕ್ಕೂ ಇಟ್ಟೆವು. ಊರಿನ ಬಾಗಿಲು ಹಾಕಿರುವ ಹೊತ್ತಿನಲ್ಲಿ ನಾವು ದಾರಿಯ ಮೇಲಿದ್ದೆವು.

ಪ್ಯಾರಿಸ್‌ಗೆ ಇಳಿದು ರೋಮ್‌ನಿಂದ ಹತ್ತುವ ‘ಮಲ್ಟಿ ಸಿಟಿ’ ವಿಮಾನ ಟಿಕೆಟ್ ಕೊಂಡಿದ್ದರಿಂದ ಇನ್ನೊಂದು ದಿನ ಉಳಿಯಿತು. ಇಳಿದ ಊರಿಗೇ ಮರಳುವ ಮಾಮೂಲಿ ಟಿಕೆಟ್ ಸ್ವಲ್ಪ ಅಗ್ಗವಾಗಿ ಸಿಗುತ್ತಿತ್ತು. ಆದರೆ ರೋಮ್‌ನಿಂದ ಪ್ಯಾರಿಸ್‌ಗೆ ಹಿಂತಿರುಗುವ ಐದು ಜನರ ದರ ಮತ್ತು ಕಳೆದುಹೋಗುವ ದಿನ ಎರಡನ್ನೂ ಕೂಡಿಸಿದ ಮೇಲೆ ಆ ಅಗ್ಗಕ್ಕೆ ಅರ್ಥ ಉಳಿಯಲಿಲ್ಲ.

ವೀಸಾ ಮತ್ತು ಬೆರಳಚ್ಚು

2025ರ ಜನವರಿಯಿಂದ ಷೆಂಗೆನ್ ವಲಯದಲ್ಲಿ 29 ದೇಶಗಳಿವೆ. ಒಂದು ವೀಸಾ ಪಡೆದರೆ ಎಲ್ಲ ಕಡೆ ಓಡಾಡಬಹುದು. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಪ್ಯಾರಿಸ್‌ಗೆ ಐದನೆಯ ರಾತ್ರಿ ಸೇರಿಸಿದ್ದರ ಹಿಂದೆ ಈ ಲೆಕ್ಕವೂ ಇತ್ತು: ಅರ್ಜಿ ಫ್ರಾನ್ಸಿಗೇ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಬಾರದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು; ಬೇಸಿಗೆ ಹತ್ತಿರ ಬಂದಂತೆ ಸ್ಲಾಟ್ ಸಿಗುವುದೇ ಕಷ್ಟವಾದ್ದರಿಂದ ಜನವರಿಯಲ್ಲೇ ಹಾಕಿದೆವು. ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಅಪ್ಪಯ್ಯನ ರಕ್ತದೊತ್ತಡವನ್ನು ಮುಚ್ಚಿಡದೆ ಬರೆದು, ವಿಮೆಗೆ ಸ್ವಲ್ಪ ಹೆಚ್ಚು ಕಟ್ಟಿದೆವು. ಮುಚ್ಚಿಟ್ಟು ಕೊಂಡ ವಿಮೆ ಆಸ್ಪತ್ರೆಯ ಬಾಗಿಲಲ್ಲಿ ಕೈಕೊಡುತ್ತದೆ.

ಒಬ್ಬ ಏಜೆಂಟರು ‘ಡಮ್ಮಿ’ ಹೋಟೆಲ್ ಬುಕಿಂಗ್ ಮಾಡಿಕೊಡುವೆನೆಂದರು. ಬೇಡವೆಂದು, ರದ್ದು ಮಾಡಲು ಅವಕಾಶವಿರುವ ನಿಜವಾದ ಕೋಣೆಗಳನ್ನೇ ಕಾದಿರಿಸಿ ಅದರ ಪ್ರತಿ ಕೊಟ್ಟೆವು. ಕಷ್ಟವಾದದ್ದು ಬೇರೆ ಕಡೆ. ಬೆಂಗಳೂರಿನ ಕೇಂದ್ರದಲ್ಲಿ ಯಂತ್ರ ಅಪ್ಪಯ್ಯನ ಬೆರಳನ್ನು ಗುರುತಿಸಲೇ ಇಲ್ಲ. ಐವತ್ತು ವರ್ಷ ಅಡಿಕೆ ಸುಲಿದು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಬೆರಳ ತುದಿಗಳಲ್ಲಿ ಗೆರೆಗಳು ಸವೆದಿದ್ದವು. ಅಲ್ಲಿದ್ದ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು, ಒತ್ತಿ ಹಿಡಿಯಲು ಹೇಳಿ, ಒಂದೊಂದು ಬೆರಳಿಗೆ ನಾಲ್ಕೈದು ಸಲ ಪ್ರಯತ್ನಿಸಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಹನ್ನೆರಡು ತುಂಬದ ಮಕ್ಕಳಿಗೆ ಬೆರಳಚ್ಚಿನ ವಿನಾಯಿತಿ ಇರುವುದರಿಂದ ಮಗಳು ಆರಾಮವಾಗಿ ಕುಳಿತಿದ್ದಳು. ದ್ರಾವಣಕ್ಕೆ ಹೆಸರು ಬಂದದ್ದು ಫ್ರಾನ್ಸಿನ ಬೋರ್ಡೋ ಸೀಮೆಯಿಂದ, ಅಲ್ಲಿ ಅದನ್ನು ದ್ರಾಕ್ಷಿ ಬಳ್ಳಿಗೆ ಹೊಡೆಯುತ್ತಿದ್ದರು ಎಂದು ನಾನು ಆಗ ಹೇಳಿದ್ದಕ್ಕೆ, ಹಾಗಿದ್ದರೆ ಅವರೇ ಅಳಿಸಿದ ಗೆರೆಯನ್ನು ಅವರೇ ಕೇಳುತ್ತಿದ್ದಾರೆ ಎಂದರು ಅಪ್ಪಯ್ಯ.

ಊಟದ ಸಾಮಾನಿನ ವಿಷಯದಲ್ಲಿ ಒಂದು ಮಾತು. ಹೊರದೇಶದಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಾಗಾಗಿ ತುಪ್ಪ, ಪೇಡ ಮನೆಯಲ್ಲೇ ಉಳಿದವು. ತಾಜಾ ಹಣ್ಣುಗಳಲ್ಲಿ ಬಾಳೆ, ಅನಾನಸ್, ತೆಂಗು, ಖರ್ಜೂರ, ಡೂರಿಯನ್ ಬಿಟ್ಟು ಉಳಿದವಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ನಾವು ಒಯ್ದದ್ದು ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಮತ್ತು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಅಪ್ಪೆಮಿಡಿ ಉಪ್ಪಿನಕಾಯಿ. ಮೂರೂ ಕಡೆ ಅಡುಗೆಮನೆ ಇರುವ ಮನೆಯನ್ನೇ ಹಿಡಿದಿದ್ದೆವು.

ಪ್ಯಾರಿಸ್

ಮನೆ ಗಾರ್ ದ ಲಿಯೋಂ ರೈಲು ನಿಲ್ದಾಣದಿಂದ ನಡೆಯುವ ದೂರದಲ್ಲಿತ್ತು. ಐಫೆಲ್ ಗೋಪುರ ಕಾಣುವ ಕಿಟಕಿಗಿಂತ, ಮುಂದಿನ ಊರಿಗೆ ಹೊರಡುವ ನಿಲ್ದಾಣ ಹತ್ತಿರವಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಜಾಹೀರಾತಿನಲ್ಲಿ ಲಿಫ್ಟ್ ಇದೆ ಎಂದಿತ್ತು, ಇತ್ತು ಕೂಡ. ಆದರೆ ಅದರಲ್ಲಿ ಅಪ್ಪಯ್ಯ ಅಥವಾ ಒಂದು ಪೆಟ್ಟಿಗೆ, ಎರಡರಲ್ಲಿ ಒಂದು ಮಾತ್ರ ಹಿಡಿಸುತ್ತಿತ್ತು. ಹಿಡಿಸುವ ಜನರ ಸಂಖ್ಯೆಯನ್ನು ಮೊದಲೇ ಕೇಳಬೇಕಿತ್ತು.

ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಹಾಗಾಗಿ ಮೊದಲ ಎರಡು ದಿನ ಎಲ್ಲರಿಗೂ ನಸುಕಿನ ಮೂರೂವರೆಗೇ ಎಚ್ಚರ. ಇದರೊಡನೆ ಸೆಣಸುವ ಬದಲು ಅದನ್ನೇ ಬಳಸಿಕೊಂಡೆವು. ಚಹಾ ಕುಡಿದು ಆರೂವರೆಗೆ ಹೊರಬಿದ್ದರೆ ಸೇನ್ ನದಿಯ ದಂಡೆಯಲ್ಲಿ ಓಡುವವರು ಮತ್ತು ನಾವು ಮಾತ್ರ. ನೋತ್ರ್ ದಾಮ್ ಮುಂದಿನ ಅಂಗಳ ಖಾಲಿ. 2019ರ ಏಪ್ರಿಲ್ 15ರ ಬೆಂಕಿಯ ನಂತರ ದುರಸ್ತಿಯಾಗಿ 2024ರ ಡಿಸೆಂಬರ್‌ನಲ್ಲಿ ಅದು ಮತ್ತೆ ತೆರೆದಿದೆ. ಒಳಗೆ ಹೋಗಲು ದುಡ್ಡಿಲ್ಲ. ಹನ್ನೊಂದರ ಹೊತ್ತಿಗೆ ಸಾಲು ಬೆಳೆಯುವಷ್ಟರಲ್ಲಿ ನಾವು ಮನೆ ಸೇರಿ, ಅನ್ನ ಸಾರು ಉಂಡು, ಒಂದು ನಿದ್ದೆ ತೆಗೆದು, ನಾಲ್ಕಕ್ಕೆ ಮತ್ತೆ ಹೊರಡುತ್ತಿದ್ದೆವು. ಏಪ್ರಿಲ್ ಕೊನೆಗೆ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ದಿನಕ್ಕೆ ಎರಡು ದಿನ ಸಿಕ್ಕಂತಾಗುತ್ತಿತ್ತು. ಮಧ್ಯಾಹ್ನದ ನಿದ್ದೆಗೆ ಇಷ್ಟು ದೂರ ಬರಬೇಕಿತ್ತೇ ಎಂದು ಪತ್ನಿ ಮೊದಲ ದಿನ ಕೇಳಿದಳು. ಮೂರನೆಯ ದಿನ ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ.

ಲೂವ್ರ್‌ಗೆ ಬುಧವಾರ ಸಂಜೆ ಹೋದೆವು. ಬುಧವಾರ ಮತ್ತು ಶುಕ್ರವಾರ ಅದು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಆಗ ಟಿಕೆಟ್ 22 ಯೂರೋ, ಹದಿನೆಂಟು ತುಂಬದವರಿಗೆ ಉಚಿತ. ನಾವು ಹಾಕಿಕೊಂಡ ನಿಯಮ ಒಂದೇ: ಎರಡೂವರೆ ಗಂಟೆ, ಆರು ಸಂಗತಿ. ಮೋನಾಲಿಸಾಳ ಮುಂದೆ ಎತ್ತಿದ ಫೋನುಗಳ ಕಾಡಿನಲ್ಲಿ ಐದು ನಿಮಿಷ ನಿಂತು ಹೊರಬಂದೆವು. ಆದರೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದ ಕಪ್ಪು ಕಲ್ಲಿನ ಮುಂದೆ ಪತ್ನಿ ಅರ್ಧ ಗಂಟೆ ನಿಂತಳು. ಹದಿನೈದು ವರ್ಷ ಹಲಗೆಯ ಮೇಲೆ ಬರೆದು ಕಲಿಸಿದ್ದು ಎರಡು ಮೀಟರಿಗೂ ಎತ್ತರವಾಗಿ ಎದುರಿಗಿತ್ತು, ಸುತ್ತ ಹತ್ತು ಜನರೂ ಇರಲಿಲ್ಲ.

ಆಯಿಗೆ ಪ್ಯಾರಿಸ್ ಎಂದರೆ ಅಲೀಗ್ರ್ ಸಂತೆ. ಸೋಮವಾರ ಬಿಟ್ಟು ಎಲ್ಲ ಬೆಳಿಗ್ಗೆ ನಡೆಯುವ ಈ ಸಂತೆ ಮನೆಯ ಹತ್ತಿರವೇ ಇತ್ತು. ಅಂಗಡಿಯವನು ಫ್ರೆಂಚಿನಲ್ಲಿ ಕೂಗುತ್ತಿದ್ದ, ಆಯಿ ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ಮೂರು ತಟ್ಟಿ ಬದಿಗಿಟ್ಟ ಮೇಲೆ ಅವನು ನಕ್ಕು, ಹಿಂದಿನ ಬುಟ್ಟಿಯಿಂದ ಎಳೆಯದೊಂದನ್ನು ತೆಗೆದು ಕೊಟ್ಟ. ಆ ಸಂಜೆಯ ಎಣ್ಣೆಗಾಯಿಯ ಬಗ್ಗೆ ನಮ್ಮ ಮನೆಯಲ್ಲಿ ಐಫೆಲ್ ಗೋಪುರಕ್ಕಿಂತ ಹೆಚ್ಚು ಮಾತಾಗಿದೆ. ಗೋಪುರದ ವಿಷಯದಲ್ಲಿ ಹೇಳುವುದು ಬಹಳವಿಲ್ಲ. 330 ಮೀಟರ್, ಮಗಳಿಗೆ ಸಂತೋಷವಾಯಿತು.

ಮೇ 1ರ ಬೆಳಿಗ್ಗೆ ನಿಲ್ದಾಣದ ಬಾಗಿಲಲ್ಲಿ ಮಕ್ಕಳು, ಮುದುಕರು ಬಿಳಿ ಗಂಟೆಯಂಥ ಹೂವಿನ ಸಣ್ಣ ಗೊಂಚಲುಗಳನ್ನು ಮಾರುತ್ತಿದ್ದರು. ಮ್ಯುಗೆ ಎಂಬ ಈ ಹೂವನ್ನು ಆ ದಿನ ಒಬ್ಬರಿಗೊಬ್ಬರು ಕೊಡುವುದು ಫ್ರಾನ್ಸಿನ ವಾಡಿಕೆ. ಮಗಳು ಒಂದನ್ನು ಕೊಂಡು ಆಯಿಯ ತುರುಬಿಗೆ ಮುಡಿಸಿದಳು. ಅದು ಬಾಸೆಲ್ ದಾಟುವವರೆಗೂ ಬಾಡಲಿಲ್ಲ.

ವಿಲ್ಡರ್ಸ್‌ವಿಲ್

ಬಾಸೆಲ್‌ಗೆ ಮೂರು ಗಂಟೆ, ಅಲ್ಲಿಂದ ಇಂಟರ್‌ಲಾಕನ್‌ಗೆ ಎರಡು, ಮತ್ತೆ ಐದು ನಿಮಿಷಕ್ಕೆ ವಿಲ್ಡರ್ಸ್‌ವಿಲ್. ಇಂಟರ್‌ಲಾಕನ್ ಪೇಟೆಯ ಗದ್ದಲ ತಪ್ಪಿಸಿ ಈ ಹಳ್ಳಿಯನ್ನು ಆರಿಸಿದ್ದು ಸರಿಯಾಯಿತು. ಆದರೆ ಅಲ್ಲಿಂದ ಷೀನಿಗೆ ಪ್ಲಾಟೆ ಎಂಬ ಬೆಟ್ಟಕ್ಕೆ ಏರುವ ಹಳೆಯ ಹಲ್ಲುಕಂಬಿಯ ರೈಲು ಬೇಸಿಗೆಯಲ್ಲಷ್ಟೇ ಓಡುತ್ತದೆ, ಮೇ ಆರಂಭಕ್ಕೆ ಇರುವುದಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ನಮ್ಮ ಶಾಲೆಗಳ ರಜೆ ಮತ್ತು ಆಲ್ಪ್ಸ್ ಬೆಟ್ಟಗಳ ಬೇಸಿಗೆ ಒಂದಕ್ಕೊಂದು ಹೊಂದುವುದಿಲ್ಲ. ಏಪ್ರಿಲ್-ಮೇನಲ್ಲಿ ಹೋಗುವವರಿಗೆ ಹಿಮ ಖಚಿತವಾಗಿ ಸಿಗುತ್ತದೆ, ಹೂವಿನ ಹುಲ್ಲುಗಾವಲಲ್ಲಿ ನಡೆಯುವ ಎತ್ತರದ ದಾರಿಗಳು ಸಿಗುವುದಿಲ್ಲ.

ಹಿಮಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರಾಯೊಕ್‌ಗೆ ಭಾನುವಾರ ಮೇ 4ರಂದು ಹೋಗುವುದೆಂದು ಬರೆದುಕೊಂಡಿದ್ದೆವು, ಟಿಕೆಟ್ ಮಾತ್ರ ಕೊಂಡಿರಲಿಲ್ಲ. ಇಂಟರ್‌ಲಾಕನ್‌ನಿಂದ ಹೋಗಿಬರುವ ಪೂರ್ಣ ದರ ಒಬ್ಬರಿಗೆ 200 ಫ್ರಾಂಕ್‌ಗೂ ಹೆಚ್ಚು. ಮೇಲೆ ಮೋಡ ಕವಿದಿದ್ದರೆ ಅಷ್ಟು ಕೊಟ್ಟು ಬಿಳಿ ಗೋಡೆ ನೋಡಿ ಬರಬೇಕು. ಶಿಖರದ ನೇರ ಕ್ಯಾಮೆರಾ ಫೋನಿನಲ್ಲೇ ಕಾಣುತ್ತದೆ. ಮೇ 2ರ ಬೆಳಿಗ್ಗೆ ಆರಕ್ಕೆ ಅದನ್ನು ತೆರೆದಾಗ ಆಕಾಶ ತೊಳೆದಿಟ್ಟಂತಿತ್ತು, ಮುಂದಿನ ಎರಡು ದಿನಕ್ಕೆ ಮೋಡದ ಮುನ್ಸೂಚನೆಯಿತ್ತು. ಹಿಂದಿನ ದಿನದ ಪ್ರಯಾಣದ ಆಯಾಸವಿದ್ದರೂ ಎಲ್ಲರನ್ನೂ ಎಬ್ಬಿಸಿದೆ. ಒಂದು ತಿಂಗಳ ‘ಹಾಫ್ ಫೇರ್ ಕಾರ್ಡ್’ ಇದ್ದುದರಿಂದ ದರ ಅರ್ಧವಾಯಿತು. ಗ್ರಿಂಡೆಲ್‌ವಾಲ್ಡ್‌ನಿಂದ ತೂಗುಬಂಡಿ ಹದಿನೈದು ನಿಮಿಷದಲ್ಲಿ ಐಗರ್ ಹಿಮನದಿಯ ನಿಲ್ದಾಣ ಮುಟ್ಟಿಸುತ್ತದೆ. ಮುಂದೆ ಬೆಟ್ಟದ ಹೊಟ್ಟೆಯೊಳಗಿನ ಸುರಂಗದ ರೈಲು. 1896ರಲ್ಲಿ ಕೆಲಸ ಶುರುವಾಗಿ 1912ರಲ್ಲಿ ಮುಗಿದ ಈ ಹಾದಿಯ ಕೊನೆಯ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಹೊರಡುವ ಮುಂಚೆ ವೈದ್ಯರನ್ನು ಕೇಳಿದ್ದೆವು; ನಿಧಾನವಾಗಿ ನಡೆಯಿರಿ, ತಲೆ ಸುತ್ತಿದರೆ ತಕ್ಷಣ ಇಳಿಯಿರಿ ಎಂದಿದ್ದರು. ಅಪ್ಪಯ್ಯ ಹತ್ತು ಹೆಜ್ಜೆಗೊಮ್ಮೆ ನಿಂತು ನಡೆದರು. ಅಲೆಚ್ ಹಿಮನದಿಯ ಬಿಳುಪನ್ನು ಬಹಳ ಹೊತ್ತು ನೋಡಿ, ಇದು ಕರಗಿದ ನೀರು ಯಾವ ಗದ್ದೆಗೆ ಹೋಗುತ್ತದೆ ಎಂದು ಕೇಳಿದರು. ರೋನ್ ನದಿ ಸೇರಿ ಫ್ರಾನ್ಸಿನ ಮೂಲಕ ಮೆಡಿಟರೇನಿಯನ್‌ಗೆ ಎಂದು ಪತ್ನಿ ವಿವರಿಸಿದಳು.

ಮರುದಿನ ಲೌಟರ್‌ಬ್ರುನನ್ ಕಣಿವೆಯಲ್ಲಿ 297 ಮೀಟರ್ ಎತ್ತರದಿಂದ ಬೀಳುವ ಷ್ಟೌಬ್‌ಬಾಖ್ ಜಲಪಾತ ಕಂಡೆವು. ಹೆಸರಿನ ಅರ್ಥವೇ ಧೂಳಿನ ತೊರೆ. ನೀರು ನೆಲ ಮುಟ್ಟುವ ಮೊದಲೇ ಪುಡಿಯಾಗಿ ತೇಲುತ್ತದೆ. ಜೋಗ 253 ಮೀಟರ್, ಅಂದರೆ ಇದು ಅದಕ್ಕಿಂತ ಎತ್ತರ. ಈ ಅಂಕಿ ಕೇಳಿ ಅಪ್ಪಯ್ಯನಿಗೆ ಸ್ವಲ್ಪ ಬೇಸರವಾಯಿತು. ಆಷಾಢದಲ್ಲಿ ಜೋಗವನ್ನು ಒಮ್ಮೆ ಇವರೂ ಬಂದು ನೋಡಲಿ ಎಂದರು.

ಭಾನುವಾರ ಮಳೆ. ಅಂಗಡಿಗಳೂ ಮುಚ್ಚಿದ್ದವು, ಇಂಟರ್‌ಲಾಕನ್ ನಿಲ್ದಾಣದ ಬಳಿಯದ್ದು ಬಿಟ್ಟು. ಇಡೀ ದಿನ ಮನೆಯಲ್ಲೇ ಕುಳಿತೆವು. ಗುಂಪು ಪ್ರವಾಸವಾಗಿದ್ದರೆ ಆ ದಿನವೇ ಬೆಟ್ಟ ಹತ್ತಿಸುತ್ತಿದ್ದರು, ಏಕೆಂದರೆ ಅವರ ಹಾಳೆಯಲ್ಲಿ ಬೇರೆ ದಿನವಿರುವುದಿಲ್ಲ.

ರೋಮ್

ಮನೆ ಬಿಡುವ ನಾಲ್ಕು ದಿನ ಮುಂಚೆ, ಏಪ್ರಿಲ್ 21ರಂದು, ಪೋಪ್ ಫ್ರಾನ್ಸಿಸ್ ತೀರಿಕೊಂಡಿದ್ದರು. ಮೇ 7ರಂದು ವಾಟಿಕನ್ ಸಂಗ್ರಹಾಲಯ ಮತ್ತು ಸಿಸ್ಟೈನ್ ಚಾಪೆಲ್ ನೋಡುವುದೆಂದು ಬರೆದುಕೊಂಡಿದ್ದೆ. ಹೊಸ ಪೋಪರ ಆಯ್ಕೆಯ ಸಿದ್ಧತೆಗಾಗಿ ಚಾಪೆಲ್ಲನ್ನು ಏಪ್ರಿಲ್ 28ರಿಂದ ಮುಚ್ಚಿದರು; ಪೋಪರನ್ನು ಆರಿಸುವ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳ ಸಭೆ ಅಲ್ಲಿ ಆರಂಭವಾದದ್ದೂ ಸರಿಯಾಗಿ ಮೇ 7ರಂದೇ. ಟಿಕೆಟ್ ಕೊಳ್ಳುವುದನ್ನು ನಾಳೆ ನಾಡಿದ್ದು ಎಂದು ಮುಂದೂಡುತ್ತ ಬಂದಿದ್ದೆ. ನನ್ನ ಸೋಮಾರಿತನದಿಂದ ದುಡ್ಡು ಉಳಿದ ಉದಾಹರಣೆ ಇದೊಂದೇ. ಕೊಲೋಸಿಯಂ ಟಿಕೆಟ್ಟನ್ನು ಮಾತ್ರ ಮೊದಲೇ ಕೊಂಡಿದ್ದೆ. ಅದರಲ್ಲಿ ಪ್ರತಿಯೊಬ್ಬರ ಹೆಸರಿರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟಿನೊಂದಿಗೆ ತಾಳೆ ನೋಡುತ್ತಾರೆ.

ವಾಟಿಕನ್ನಿಗೆ ಇಟ್ಟಿದ್ದ ಬುಧವಾರ ಖಾಲಿಯಾದ್ದರಿಂದ ಒಸ್ತಿಯಾ ಆಂತಿಕಾಗೆ ಹೋದೆವು. ಪಿರಮಿಡೆ ಮೆಟ್ರೊ ಪಕ್ಕದ ನಿಲ್ದಾಣದಿಂದ ಊರಿನ ಮಾಮೂಲಿ ಟಿಕೆಟ್ಟಿನಲ್ಲೇ ಅರ್ಧ ಗಂಟೆಯ ದಾರಿ. ಹಳೆಯ ರೋಮ್‌ನ ಬಂದರು ಪಟ್ಟಣ ಅದು. ನದಿ ತಂದ ಹೂಳಿನಿಂದ ಸಮುದ್ರ ದೂರ ಸರಿದು ಪಾಳುಬಿತ್ತು. ಬೀದಿ, ಸ್ನಾನಗೃಹ, ನಾಟಕಶಾಲೆ, ಕಲ್ಲಿನ ಕಟ್ಟೆಯಿರುವ ಊಟದಂಗಡಿ ಎಲ್ಲವೂ ಇದೆ, ಜನ ಮಾತ್ರ ವಿರಳ. ಒಂದು ಹಿಟ್ಟಿನ ಗಿರಣಿಯಲ್ಲಿ ಜ್ವಾಲಾಮುಖಿಯ ಕಪ್ಪು ಕಲ್ಲಿನ ಬೀಸುಗಲ್ಲುಗಳು ಸಾಲಾಗಿ ನಿಂತಿವೆ. ಅವನ್ನು ತಿರುಗಿಸಲು ಪ್ರಾಣಿಗಳನ್ನು ಕಟ್ಟುತ್ತಿದ್ದರು. ಅಪ್ಪಯ್ಯ ಬಗ್ಗಿ, ಮರದ ತೊಲೆ ಸಿಕ್ಕಿಸುತ್ತಿದ್ದ ಚೌಕ ತೂತನ್ನು ನೋಡಿ, ನೆಲಕ್ಕೆ ಹಾಸಿದ ಕಲ್ಲನ್ನು ಚಪ್ಪಲಿಯ ತುದಿಯಿಂದ ಒತ್ತಿದರು. ಗಾಣದ ಸುತ್ತ ಎತ್ತು ನಡೆದು ನಡೆದು ಮಣ್ಣು ಕುಸಿಯುತ್ತಿತ್ತು, ಇವರು ಮೊದಲೇ ಕಲ್ಲು ಹಾಸಿಬಿಟ್ಟಿದ್ದಾರೆ ಎಂದರು. ಯಾವ ಗೈಡ್ ಆದರೂ ಆ ಜಾಗದ ಬಗ್ಗೆ ಇದಕ್ಕಿಂತ ಚೆನ್ನಾಗಿ ವಿವರಿಸುತ್ತಿದ್ದನೆಂದು ನನಗನಿಸುವುದಿಲ್ಲ.

ಅಂದು ಬಹಳ ನಡೆದೆವು, ಅದೇ ತಪ್ಪಾಯಿತು. ರೋಮ್ ಕಾಲದ ಉಬ್ಬುತಗ್ಗು ಕಲ್ಲಿನ ಬೀದಿ ಮೊಣಕಾಲಿಗೆ ಒಳ್ಳೆಯದಲ್ಲ. ಮರುದಿನ, ಗುರುವಾರ ಮೇ 8ರಂದು, ಐವರೂ ಫ್ಲಾರೆನ್ಸ್‌ಗೆ ಹೋಗಿಬರಬೇಕಿತ್ತು. ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಬೆಳಿಗ್ಗೆ ಆಯಿಯ ಕಾಲು ಊದಿತ್ತು. ವೆನಿಸ್ಸನ್ನು ಈಗಾಗಲೇ ಬಿಟ್ಟುಕೊಟ್ಟಿದ್ದ ಪತ್ನಿ ಫ್ಲಾರೆನ್ಸ್ ಬಿಡಲು ಸಿದ್ಧಳಿರಲಿಲ್ಲ. ಹತ್ತು ನಿಮಿಷದ ಮಾತಿನ ನಂತರ ಗುಂಪನ್ನು ಒಡೆದೆವು: ಅವಳೂ ಮಗಳೂ ಮೈಕೆಲೆಂಜೆಲೊ ಕೆತ್ತಿದ ಡೇವಿಡ್ ಶಿಲ್ಪ ನೋಡಲು ಹೋದರು, ನಾನು ಹಿರಿಯರೊಂದಿಗೆ ಉಳಿದೆ. ಐದು ಜನ ಹೋದರೆ ಐದೂ ಜನ ಒಂದೇ ಕಡೆ ಇರಬೇಕೆಂಬ ನಂಬಿಕೆಯನ್ನು ಹದಿಮೂರನೆಯ ದಿನ ಬಿಟ್ಟೆವು. ಮೂರನೆಯ ದಿನವೇ ಬಿಡಬಹುದಿತ್ತು.

ಸಂಜೆ ನಾಲ್ಕೂವರೆಗೆ ಆಯಿಯ ಕಾಲು ಸ್ವಲ್ಪ ಇಳಿದಿತ್ತು. ಮೆಟ್ರೊದಲ್ಲಿ ಒಟ್ಟಾವಿಯಾನೊಗೆ ಹೋಗಿ, ಅಲ್ಲಿಂದ ನಿಧಾನವಾಗಿ ಸಂತ ಪೀಟರ್ ಚೌಕಕ್ಕೆ ನಡೆದು, ತಪಾಸಣೆ ಮುಗಿಸಿ ಕಂಬಸಾಲಿನ ಬುಡದ ಮೆಟ್ಟಿಲ ಮೇಲೆ ಕುಳಿತೆವು. ಒಳಗೆ 133 ಕಾರ್ಡಿನಲ್‌ಗಳು ಮತ ಹಾಕುತ್ತಿದ್ದರು. ಹಿಂದಿನ ರಾತ್ರಿಯೂ ಆ ದಿನದ ಮಧ್ಯಾಹ್ನವೂ ಕಪ್ಪು ಹೊಗೆ ಬಂದಿತ್ತು, ಅಂದರೆ ಆಯ್ಕೆ ಆಗಿರಲಿಲ್ಲ; ಆದರೆ ಬಿಳಿ ಹೊಗೆ ಬರುತ್ತದೆ. ದೊಡ್ಡ ಪರದೆಯ ಮೇಲೆ ಹೊಗೆಗೂಡು ಮಾತ್ರ ಕಾಣುತ್ತಿತ್ತು, ಪಕ್ಕದಲ್ಲಿ ಒಂದು ಕಡಲಹಕ್ಕಿ ಮರಿಯೊಂದಿಗೆ ಓಡಾಡುತ್ತಿತ್ತು. ಆಯಿ ಅದರ ಮರಿಯನ್ನೇ ನೋಡುತ್ತ, “ತಮಾ, ಹೊಗೆ ಬಂದ್ರೆ ಅದ್ಕೆ ಉಸಿರು ಕಟ್ತಿಲ್ಯನ?” ಎಂದು ಕೇಳಿದಳು. ಆರು ಗಂಟೆ ಏಳೆಂಟು ನಿಮಿಷವಾಗಿರಬೇಕು, ಬಿಳಿ ಹೊಗೆ ಎದ್ದಿತು. ಮೊದಲು ಒಂದು ಕೂಗು, ನಂತರ ಗಂಟೆಗಳು. ಆಮೇಲೆ ಬೀದಿಗಳ ಕಡೆಯಿಂದ ಓಡಿಬರುವ ಜನರ ಕಾಲಸದ್ದು. ಒಂದು ಗಂಟೆಯ ನಂತರ ಹೊಸ ಪೋಪ್ ಹದಿನಾಲ್ಕನೆಯ ಲಿಯೋ ಬಾಲ್ಕನಿಯಲ್ಲಿ ಕಾಣಿಸಿಕೊಂಡು, ನಿಮ್ಮೆಲ್ಲರಿಗೂ ಶಾಂತಿ ಇರಲಿ ಎಂದು ಇಟಾಲಿಯನ್‌ನಲ್ಲಿ ಮಾತು ಶುರುಮಾಡಿದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅಳುತ್ತ ಆಯಿಯ ಕೈ ಹಿಡಿದುಕೊಂಡಳು, ಆಯಿ ಬಿಡಿಸಿಕೊಳ್ಳಲಿಲ್ಲ.

ಆ ಹೊತ್ತಿಗೆ ಪತ್ನಿ ಮತ್ತು ಮಗಳ ರೈಲು ಟೆರ್ಮಿನಿ ನಿಲ್ದಾಣಕ್ಕೆ ಬಂದಿತ್ತು. ವಾಟಿಕನ್ ಕಡೆಯ ಮೆಟ್ರೊ ಹತ್ತಲಾಗದಷ್ಟು ನೂಕುನುಗ್ಗಲು. ಇಬ್ಬರೂ ಮನೆಗೆ ಹೋಗಿ ಫೋನಿನಲ್ಲಿ ನೋಡಿದರು.

ಖರ್ಚು

ಉಳಿತಾಯವಾಯಿತೆಂದರೆ ಸುಳ್ಳಾಗುತ್ತದೆ. ತಲಾ ಖರ್ಚು ಏಳು ದೇಶದ ಪ್ಯಾಕೇಜಿನ ದರಕ್ಕೆ ಹತ್ತಿರವೇ ಬಂತು. ರಾತ್ರಿಗಳು ಮಾತ್ರ ಮೂರು ಹೆಚ್ಚು. ಪ್ಯಾಕೇಜ್ ಆಗಿದ್ದರೆ ಅದರ ಮೇಲೆ ಆಗಿನ ನಿಯಮದಂತೆ ಕನಿಷ್ಠ ಶೇ 5ರಷ್ಟು ತೆರಿಗೆಯನ್ನು ಮೂಲದಲ್ಲೇ ಕಟ್ಟಿ, ಮುಂದೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬೇಕಿತ್ತು. ಮನೆಯ ಅಡುಗೆಯಿಂದ ಉಳಿದದ್ದನ್ನು ಯುಂಗ್‌ಫ್ರಾಯೊಕ್ ನುಂಗಿತು. ನೀರಿಗೆ ದುಡ್ಡು ಕೊಡಲಿಲ್ಲ. ರೋಮ್‌ನ ಬೀದಿಗಳಲ್ಲಿ ಸದಾ ಹರಿಯುವ ಕಬ್ಬಿಣದ ನಲ್ಲಿಗಳಿವೆ, ಪ್ಯಾರಿಸ್‌ನಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ನಲ್ಲಿಯ ನೀರನ್ನೇ ಬಾಟಲಿಗೆ ತುಂಬಿಸಿಕೊಂಡೆವು.

ಫ್ಲಾರೆನ್ಸ್‌ಗೆ ಹೋಗದೆ ಉಳಿದ ಮೂವರ ರೈಲು ಟಿಕೆಟ್ಟುಗಳು ಅತಿ ಅಗ್ಗದ ದರದವು. ಅವಕ್ಕೆ ಬದಲಾವಣೆಯೂ ಇಲ್ಲ, ಮರುಪಾವತಿಯೂ ಇಲ್ಲ. ಖರ್ಚಿನ ಪುಸ್ತಕದಲ್ಲಿ ಆ ಮೊತ್ತವನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನಷ್ಟ ಎಂದು ಬರೆಯಬೇಕು, ಡೇವಿಡ್‌ನ ಕೈಮೇಲಿನ ನರಗಳು ಟಿ.ವಿ.ಯಲ್ಲಿ ಕಾಣುವುದಿಲ್ಲ, ಹೊಗೆ ಕಾಣುತ್ತದೆ ಎನ್ನುತ್ತಾಳೆ ಪತ್ನಿ. ಚೌಕದ ಪ್ರವೇಶ ದರ ಎಂದು ಬರೆ ಎನ್ನುತ್ತಾರೆ ಅಪ್ಪಯ್ಯ. ಸದ್ಯಕ್ಕೆ ಅದು ಪೆನ್ಸಿಲಿನಲ್ಲಿದೆ.